ಹಡಗಿನ ಕಾಲೇಜು: ಓದೋ, ಶೋಕಿಯೋ?



ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಅಂತ ಹಿರಿಯರು ಹೇಳುತ್ತಾರೆ. ಎರಡರಲ್ಲಿ ಒಂದನ್ನಾದರೂ ಮಾಡು ಅಂತ ಅದರ ಅರ್ಥ. ಎರಡನ್ನೂ ಒಟ್ಟಿಗೇ ಮಾಡುವ ಒಂದು ಕಾಲೇಜಿದೆ, ಅದು ಹಡಗಿನ ಮೇಲಿದೆ, ಪಾಠ ಮಾಡುತ್ತಾ ಮಾಡುತ್ತಾ ಪ್ರಪಂಚ ಸುತ್ತುತ್ತದೆ ಅಂತ ಕಳೆದ ಶನಿವಾರ ನಮ್ಮ ಸಮಾಜದ ಮೇಷ್ಟ್ರು ಹೇಳಿದರು. ಕೂಡಲೇ ತರಗತಿ ಎರಡು ಪಕ್ಷವಾಯಿತು. ಹಿಂದಿನ ಬೆಂಚಿನವರು "ಓದಿದರೆ ಅಂಥ ಕಾಲೇಜಿನಲ್ಲೇ ಓದಬೇಕು ಕಣ್ರೋ" ಅಂದರು. ಮುಂದಿನ ಬೆಂಚಿನವರು "ಅದೇನು ಓದು? ದುಡ್ಡಿದ್ದೋರ ಶೋಕಿ" ಅಂದರು. ನಾನು ಕೈ ಎತ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಬಾಯಲ್ಲಿ ಹೇಳಲಾಗದ್ದನ್ನು ಈ ಗೋಡೆಯ ಮೇಲೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಊಟದ ಬಿಡುವಿನಲ್ಲಿ ನಿಂತು ಓದಿ.

ಮೊದಲು ಅದೇನು ಅಂತ ತಿಳಿಯೋಣ. ಗೊತ್ತಿಲ್ಲದೆ ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು.

ಅಮೆರಿಕದಲ್ಲಿ ಹುಟ್ಟಿದ ಈ ಯೋಜನೆಗೆ 'ಸೆಮಿಸ್ಟರ್ ಅಟ್ ಸೀ' ಅಂತ ಹೆಸರು. ಅಂದರೆ ಕಾಲೇಜಿನ ಅರ್ಧ ವರ್ಷದ ಓದು ಸಮುದ್ರದ ಮೇಲೆ. ಬೇರೆ ಬೇರೆ ಕಾಲೇಜಿನ ಐದಾರು ನೂರು ಹುಡುಗ ಹುಡುಗಿಯರು, ಅವರ ಜೊತೆಗೆ ಪ್ರಾಧ್ಯಾಪಕರು, ಡಾಕ್ಟರು, ಲೈಬ್ರರಿಯವರು ಎಲ್ಲರೂ ಒಂದೇ ಹಡಗು ಹತ್ತುತ್ತಾರೆ. ಸುಮಾರು ನೂರು ದಿನದ ಪ್ರಯಾಣ. ಸುಮಾರು ಹತ್ತು ದೇಶದ ಬಂದರುಗಳು. ಹಡಗು ನೀರಿನ ಮೇಲಿರುವ ದಿನ ಪಾಠ ನಡೆಯುತ್ತದೆ. ಅಲ್ಲಿ ಭಾನುವಾರದ ರಜೆ ಇಲ್ಲ. ಬಂದರು ಬಂದಾಗ ಪಾಠ ನಿಲ್ಲುತ್ತದೆ, ಎಲ್ಲರೂ ಇಳಿದು ಊರು ನೋಡುತ್ತಾರೆ. ಒಂದೊಂದು ವಿಷಯಕ್ಕೂ ಬಂದರಿನಲ್ಲಿ ಒಂದೊಂದು ದಿನದ ಹೊರಗಿನ ಪಾಠ ಇರುತ್ತದೆ. ಆಮೇಲೆ ಅದರ ಬಗ್ಗೆ ಬರೆದು ಒಪ್ಪಿಸಬೇಕು. ಪರೀಕ್ಷೆ ಉಂಟು, ಅಂಕ ಉಂಟು. ಆ ಅಂಕಗಳು ಅವರವರ ಕಾಲೇಜಿನ ಲೆಕ್ಕಕ್ಕೆ ಸೇರುತ್ತವೆ.

ನಾವು ಭೂಗೋಳದಲ್ಲಿ ರೇಖಾಂಶ ಅಂತ ಬಾಯಿಪಾಠ ಮಾಡುತ್ತೇವಲ್ಲ, ಅದು ಅವರ ಕೈಗಡಿಯಾರದಲ್ಲೇ ಇರುತ್ತದೆ. ಹಡಗು ಪಶ್ಚಿಮಕ್ಕೆ ಹೋದ ಹಾಗೆಲ್ಲ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಬೇಕು, ಪೂರ್ವಕ್ಕೆ ಹೋದರೆ ಮುಂದಕ್ಕೆ. ಪೆಸಿಫಿಕ್ ಸಾಗರದಲ್ಲಿ ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ಪಶ್ಚಿಮಕ್ಕೆ ದಾಟಿದರೆ ಒಂದು ದಿನವೇ ಮಾಯ. ಸೋಮವಾರ ಮಲಗಿದವರು ಬುಧವಾರ ಏಳುತ್ತಾರೆ! (ಮಂಗಳವಾರ ಗಣಿತ ಪರೀಕ್ಷೆ ಇದ್ದರೆ ಏನು ಗತಿ ಅಂತ ಯಾರೂ ನನ್ನ ಕೇಳಬೇಡಿ.) ಭೂಮಧ್ಯ ರೇಖೆ ದಾಟುವ ದಿನ ನಾವಿಕರ ಹಳೇ ಪದ್ಧತಿಯಂತೆ ಹಬ್ಬ ಮಾಡುತ್ತಾರೆ, ಕೆಲವರು ತಲೆಯನ್ನೂ ಬೋಳಿಸಿಕೊಳ್ಳುತ್ತಾರೆ. ತಿರುಪತಿಗೆ ಹೋಗದೆ ಮುಡಿ ಕೊಟ್ಟ ಹಾಗೆ.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. 1926ರ ಸೆಪ್ಟೆಂಬರ್ 18ರಂದು ನ್ಯೂಯಾರ್ಕ್ ಪಕ್ಕದ ಹೊಬೊಕೆನ್ ಬಂದರಿನಿಂದ 'ರಿಂಡಾಮ್' ಎಂಬ ಹಡಗು ಸುಮಾರು 500 ವಿದ್ಯಾರ್ಥಿಗಳನ್ನು ಹತ್ತಿಸಿಕೊಂಡು ಹೊರಟಿತು. ಜೇಮ್ಸ್ ಲಾಫ್ ಎಂಬ ಪ್ರಾಧ್ಯಾಪಕರ ಕನಸು ಅದು. ತರಗತಿಯ ನಾಲ್ಕು ಗೋಡೆಯೊಳಗೆ ಪ್ರಪಂಚ ಅರ್ಥವಾಗುವುದಿಲ್ಲ, ಹೋಗಿ ನೋಡಿದರೆ ಅರ್ಥವಾಗುತ್ತದೆ ಎಂಬುದು ಅವರ ನಂಬಿಕೆ. ಆದರೆ ಆಗ ಅಮೆರಿಕದಲ್ಲಿ ಮದ್ಯಪಾನ ನಿಷೇಧ ಇತ್ತು. ಮನೆಯಲ್ಲಿ ಸಿಗದ ಹೆಂಡ ಬಂದರಿನಲ್ಲಿ ಸಿಕ್ಕಿದಾಗ ಕೆಲವು ಹುಡುಗರು ಕುಡಿದು ಗಲಾಟೆ ಮಾಡಿದರು. ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿಯಾಯಿತು. 1927ರ ಮೇ ತಿಂಗಳಲ್ಲಿ ಹಡಗು ವಾಪಸ್ಸು ಬಂದಾಗ, ಕಲಿತವರ ಮಾತನ್ನು ಕೇಳುವವರು ಕಡಿಮೆ, ಕುಡಿದವರ ಕಥೆ ಹೇಳುವವರು ಜಾಸ್ತಿ. ಲಾಫ್ ಅವರ ಕೆಲಸವೇ ಹೋಯಿತು. ನಮ್ಮಲ್ಲೂ ಹೀಗೇ ಅಲ್ವಾ? ಪ್ರವಾಸಕ್ಕೆ ಹೋದ ನಲವತ್ತು ಜನರಲ್ಲಿ ಇಬ್ಬರು ಕಿತಾಪತಿ ಮಾಡಿದರೆ ಮುಂದಿನ ವರ್ಷ ಪ್ರವಾಸವೇ ಬಂದ್.

ಮತ್ತೆ 1963ರಲ್ಲಿ ಈ ಯೋಚನೆಗೆ ಜೀವ ಬಂತು. ಈಗಿನ 'ಸೆಮಿಸ್ಟರ್ ಅಟ್ ಸೀ' ಬೆಳೆದದ್ದು ಅಲ್ಲಿಂದ. ಆಗ ಹೊರಟ ಹಡಗಿನ ಹೆಸರು 'ಸೆವೆನ್ ಸೀಸ್', ಅಂದರೆ ಸಪ್ತ ಸಾಗರ. ಅದರ ಹಿಂದಿನ ಜನ್ಮ ಕೇಳಿದರೆ ಆಶ್ಚರ್ಯವಾಗುತ್ತದೆ. ಮೊದಲು ಸರಕು ಹಡಗಾಗಿ ಕಟ್ಟಿದ್ದು. ಎರಡನೇ ಮಹಾಯುದ್ಧದಲ್ಲಿ ಅದರ ಮೇಲೆ ಚಪ್ಪಟೆ ಅಟ್ಟ ಹಾಕಿ, ಯುದ್ಧವಿಮಾನ ಹೊರುವ ಅಮೆರಿಕದ ನೌಕೆ 'ಲಾಂಗ್ ಐಲ್ಯಾಂಡ್' ಮಾಡಿದರು. ಯುದ್ಧ ಮುಗಿದ ಮೇಲೆ ಅದು ಜನರನ್ನು ಸಾಗಿಸುವ ಹಡಗಾಯಿತು, ಆಮೇಲೆ ವಿದ್ಯಾರ್ಥಿಗಳ ಕಾಲೇಜಾಯಿತು. ಕೊನೆಗೆ 1966ರಿಂದ ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಹಾಸ್ಟೆಲ್ ಆಗಿ ನಿಂತಿತು. ಬಾಂಬು ಹೊತ್ತ ಬೆನ್ನೇ ಪುಸ್ತಕ ಹೊತ್ತಿತು ಅಂತ ನಾನು ನೋಟ್ ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.

ಎಲ್ಲಾ ಹಡಗಿಗೂ ಅಂಥ ಅದೃಷ್ಟ ಇರಲಿಲ್ಲ. ಹಾಂಗ್‌ಕಾಂಗ್‌ನ ಹಡಗು ಉದ್ಯಮಿ ಸಿ. ವೈ. ತುಂಗ್ ಎಂಬುವರು 1970ರಲ್ಲಿ 'ಕ್ವೀನ್ ಎಲಿಜಬೆತ್' ಎಂಬ ಭಾರೀ ಹಡಗನ್ನು ಕೊಂಡು, ಅದನ್ನು ತೇಲುವ ವಿಶ್ವವಿದ್ಯಾಲಯ ಮಾಡಲು ಹೊರಟಿದ್ದರು. ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ 1972ರ ಜನವರಿ 9ರಂದು ಹಾಂಗ್‌ಕಾಂಗ್ ಬಂದರಿನಲ್ಲಿ ಅದು ಹೊತ್ತಿ ಉರಿದು ಮಗುಚಿಕೊಂಡಿತು. ಒಂದು ದಿನವೂ ಪಾಠ ನಡೆಯಲಿಲ್ಲ. ಆದರೂ ತುಂಗ್ ಅವರು ಬಿಡಲಿಲ್ಲ. 'ಯೂನಿವರ್ಸ್' ಎಂಬ ಅವರದೇ ಇನ್ನೊಂದು ಚಿಕ್ಕ ಹಡಗು ವರ್ಷಗಟ್ಟಲೆ ಕಾಲೇಜಾಗಿ ಪ್ರಪಂಚ ಸುತ್ತಿತು. ಅದು ಕೊನೆಗೆ ಬಂದು ಸೇರಿದ್ದು ನಮ್ಮ ದೇಶಕ್ಕೇ. 1996ರಲ್ಲಿ ಗುಜರಾತಿನ ಅಲಂಗ್ ಕಡಲ ತೀರದಲ್ಲಿ, ಹಳೇ ಹಡಗುಗಳನ್ನು ಒಡೆಯುವ ಜಾಗದಲ್ಲಿ, ಅದನ್ನು ಬಿಡಿ ಬಿಡಿ ಮಾಡಿದರು. ಅಷ್ಟು ದೇಶದ ಮಕ್ಕಳು ಬೆಂಚು ಹಾಕಿ ಕುಳಿತಿದ್ದ ಹಡಗಿನ ತಗಡನ್ನು ಕೊಯ್ದ ನಮ್ಮ ಕೂಲಿಯವರಿಗೆ, ಇದು ಕಾಲೇಜಾಗಿತ್ತು ಅಂತ ಯಾರಾದರೂ ಹೇಳಿದ್ದರೋ ಇಲ್ಲವೋ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ.

'ಶೋಕಿ' ಅನ್ನುವವರ ಮಾತಿನಲ್ಲಿ ಸತ್ಯ ಇಲ್ಲದೇ ಇಲ್ಲ. ಒಂದು ಪ್ರಯಾಣದ ಖರ್ಚು ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ನಮ್ಮೂರಲ್ಲಿ ಆ ದುಡ್ಡಿಗೆ ಎಷ್ಟು ಎಕರೆ ಹೊಲ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ವಿದ್ಯಾರ್ಥಿವೇತನ ಕೊಡುತ್ತಾರೆ, ಹಡಗಿನಲ್ಲೇ ಸಣ್ಣಪುಟ್ಟ ಕೆಲಸ ಮಾಡಿ ಓದುವ ಅವಕಾಶವನ್ನೂ ಕೊಟ್ಟಿದ್ದಾರೆ. ಆದರೂ ಹೆಚ್ಚಿನವರು ಇದ್ದವರ ಮಕ್ಕಳೇ. ಅದೇ ಹಡಗಿನಲ್ಲಿ ಅಡುಗೆ ಮಾಡುವವರು, ಹಾಸಿಗೆ ಮಡಚುವವರು, ಎಂಜಿನ್ ಕೋಣೆಯ ಸೆಕೆಯಲ್ಲಿ ನಿಲ್ಲುವವರು ಇದ್ದಾರೆ. ಅವರೂ ಅದೇ ಏಳು ಸಮುದ್ರ ದಾಟುತ್ತಾರೆ. ಅವರಿಗೆ ಅಂಕ ಯಾರೂ ಕೊಡುವುದಿಲ್ಲ.

ಅಪಾಯವೂ ಇದೆ. 2005ರ ಜನವರಿ 26ರಂದು ಉತ್ತರ ಪೆಸಿಫಿಕ್ ಸಾಗರದಲ್ಲಿ ಸುಮಾರು 50 ಅಡಿ ಎತ್ತರದ ಅಲೆ 'ಎಕ್ಸ್‌ಪ್ಲೋರರ್' ಹಡಗಿಗೆ ಬಡಿದು, ಹಡಗು ನಡೆಸುವ ಕೋಣೆಯ ಗಾಜು ಒಡೆದು ನೀರು ನುಗ್ಗಿತು, ಎಂಜಿನ್‌ಗಳು ಕೆಟ್ಟವು. ಒಳಗೆ ಸುಮಾರು 700 ವಿದ್ಯಾರ್ಥಿಗಳು. ಹೇಗೋ ಹೊನೊಲುಲು ಬಂದರು ಸೇರಿ, ರಿಪೇರಿಯಾಗಿ, ಪ್ರಯಾಣ ಮುಂದುವರಿಯಿತು. ಅದಕ್ಕೂ ಮುಂಚೆ 1996ರ ಮಾರ್ಚ್‌ನಲ್ಲಿ, ಹಡಗು ನಮ್ಮ ದೇಶಕ್ಕೆ ಬಂದಿದ್ದಾಗ, ದೆಹಲಿಯಿಂದ ಆಗ್ರಾಕ್ಕೆ ಹೊರಟ ಬಸ್ಸು ಅಪಘಾತಕ್ಕೆ ಸಿಕ್ಕಿ ನಾಲ್ಕು ಮಂದಿ ವಿದ್ಯಾರ್ಥಿಗಳು ತೀರಿಕೊಂಡರು. ಸಮುದ್ರ ಏನೂ ಮಾಡಲಿಲ್ಲ, ರಸ್ತೆ ಕೊಂದಿತು. ತಾಜ್ ಮಹಲ್ ನೋಡಲು ಹೊರಟ ಮಕ್ಕಳು ಅವರು. ಅವರ ತಾಯಿ ತಂದೆಗೆ ಯಾವ ಓದು ಸಮಾಧಾನ ಹೇಳೀತು? 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗಲೂ ಪ್ರಯಾಣವನ್ನು ಅರ್ಧಕ್ಕೇ ನಿಲ್ಲಿಸಿ, ಮಕ್ಕಳನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಮನೆಗೆ ಕಳಿಸಬೇಕಾಯಿತು.

ಇಷ್ಟೆಲ್ಲ ಇದ್ದರೂ ಹಡಗಿನ ಕಾಲೇಜು ಬೇಡ ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ಹಡಗಿನಲ್ಲಿ ಓದಿದ ಒಬ್ಬ ಹುಡುಗ ನಮ್ಮ ವಿಜ್ಞಾನದ ಪುಸ್ತಕದಲ್ಲೇ ಇದ್ದಾನೆ. ಅವನೇ ಚಾರ್ಲ್ಸ್ ಡಾರ್ವಿನ್.

1831ರ ಡಿಸೆಂಬರ್ 27ರಂದು ಇಂಗ್ಲೆಂಡಿನಿಂದ 'ಬೀಗಲ್' ಹಡಗು ಹೊರಟಾಗ ಡಾರ್ವಿನ್‌ಗೆ 22 ವರ್ಷ. ಆಗಷ್ಟೇ ಕಾಲೇಜು ಮುಗಿಸಿದ್ದ. ಸಮುದ್ರ ಅವನಿಗೆ ಒಗ್ಗುತ್ತಿರಲಿಲ್ಲ, ವಾಂತಿ ಬಿಡುತ್ತಿರಲಿಲ್ಲ. ಹಡಗು ವಾಪಸ್ಸು ಬಂದದ್ದು 1836ರ ಅಕ್ಟೋಬರ್ 2ರಂದು. ಹತ್ತಿರ ಹತ್ತಿರ ಐದು ವರ್ಷ. ಅದರಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಅವನು ಕಳೆದದ್ದು ನೆಲದ ಮೇಲೆ. ಹಡಗು ಅವನನ್ನು ಬಾಗಿಲಿಗೆ ಬಿಟ್ಟಿತು ಅಷ್ಟೆ. ಒಳಗೆ ನಡೆದು ಹೋದವನು ಅವನೇ.

ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. 1835ರಲ್ಲಿ ಅವನು ಗ್ಯಾಲಪಗೋಸ್ ದ್ವೀಪಗಳಿಗೆ ಹೋದ. ಅಲ್ಲಿದ್ದದ್ದು ಐದು ವಾರ ಮಾತ್ರ. ಹಕ್ಕಿಗಳನ್ನು ಹಿಡಿದು ಚೀಲಕ್ಕೆ ಹಾಕಿಕೊಂಡ. ಆದರೆ ಯಾವ ಹಕ್ಕಿ ಯಾವ ದ್ವೀಪದ್ದು ಅಂತ ಹೆಚ್ಚಿನವಕ್ಕೆ ಚೀಟಿ ಬರೆಯಲೇ ಇಲ್ಲ! ಎಲ್ಲಾ ದ್ವೀಪವೂ ಒಂದೇ ಅಂದುಕೊಂಡಿದ್ದ. ಅಲ್ಲಿನ ಆಡಳಿತ ನೋಡಿಕೊಳ್ಳುತ್ತಿದ್ದ ಲಾಸನ್ ಎಂಬುವನು ಮಾತಿನ ಮಧ್ಯೆ, ಇಲ್ಲಿನ ಆಮೆಗಳು ದ್ವೀಪದಿಂದ ದ್ವೀಪಕ್ಕೆ ಬೇರೆ ಬೇರೆ, ಆಮೆಯನ್ನು ನೋಡಿಯೇ ಅದು ಯಾವ ದ್ವೀಪದ್ದು ಅಂತ ಹೇಳಬಲ್ಲೆ ಅಂದನಂತೆ. ಡಾರ್ವಿನ್ ಆಗ ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ಊರಿಗೆ ಹೋದ ಮೇಲೆ, 1837ರಲ್ಲಿ ಜಾನ್ ಗೂಲ್ಡ್ ಎಂಬ ಹಕ್ಕಿ ತಜ್ಞರು ಇವೆಲ್ಲ ಬೇರೆ ಬೇರೆ ಜಾತಿಯ ಹಕ್ಕಿಗಳು ಅಂದಾಗ ಆ ಮಾತಿನ ತೂಕ ತಿಳಿಯಿತು. ಆಮೇಲೆ ಜೊತೆಯವರ ಸಂಗ್ರಹ ತರಿಸಿಕೊಂಡು ಯಾವುದು ಎಲ್ಲಿಯದು ಅಂತ ಹೊಂದಿಸಬೇಕಾಯಿತು. 1859ರಲ್ಲಿ ಬಂದ ಅವನ ದೊಡ್ಡ ಗ್ರಂಥದ ಹಿಂದೆ ಈ ಪೇಚಾಟವೂ ಇದೆ.

ನೋಡಿ, ಅಷ್ಟು ದೊಡ್ಡ ಬುದ್ಧಿವಂತನ ಕಣ್ಣಿಗೂ ತಪ್ಪಿಹೋದದ್ದು, ಅಲ್ಲೇ ಇದ್ದವನಿಗೆ ಗೊತ್ತಿತ್ತು. ಹೊರಗಿನಿಂದ ಬಂದವನು ನೋಡುತ್ತಾನೆ, ಇದ್ದವನು ಬಲ್ಲ. ನೋಡುವವನು ಬಲ್ಲವನನ್ನು ಕೇಳಿದರೆ ಅದು ಓದು. ಕೇಳದೆ ನೋಡಿ ಹೋದರೆ ಶೋಕಿ. ನಮ್ಮ ತರಗತಿಯ ಜಗಳಕ್ಕೆ ನನ್ನ ಉತ್ತರ ಇಷ್ಟೇ.

ಈ ಉತ್ತರ ನನಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ. ನಮ್ಮ ಮನೆ ರಸ್ತೆ ಬದಿಗೇ ಇರುವುದು ನಿಮಗೆ ಗೊತ್ತು. ಬೇಲೂರು ಹಳೇಬೀಡಿಗೆ ಹೋಗುವ ಪ್ರವಾಸಿ ಬಸ್ಸುಗಳು ಆ ದಾರಿಯಲ್ಲೇ ಹೋಗುತ್ತವೆ. ಹೋದ ವರ್ಷ ಸುಗ್ಗಿಯಲ್ಲಿ ಒಂದು ಬಸ್ಸು ನಿಂತಿತು. ಹೊರದೇಶದ ಹುಡುಗ ಹುಡುಗಿಯರು ಇಳಿದರು. ನಮ್ಮಜ್ಜಿ ಅಂಗಳದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಸುತ್ತ ನಿಂತು ಪಟ ತೆಗೆದರು. ಒಬ್ಬಳು ಅಜ್ಜಿಯ ಹತ್ತಿರ ಬಂದು ಮೊರ ಮುಟ್ಟಿ ನಕ್ಕಳು. ಅಷ್ಟರಲ್ಲಿ ಬಸ್ಸಿನವನು ಹಾರನ್ ಹೊಡೆದ. ಐದು ನಿಮಿಷದಲ್ಲಿ ಎಲ್ಲ ಮುಗಿದುಹೋಯಿತು.

ಅವರು ಹಡಗಿನ ಕಾಲೇಜಿನವರು ಅಂತ ನಾನು ಹೇಳುತ್ತಿಲ್ಲ. ಯಾರೋ ಏನೋ. ಆದರೆ ಆ ಹಡಗೂ ಹಲವು ಸಲ ಮದ್ರಾಸಿಗೆ ಬಂದಿದೆ, ಆಮೇಲಿನ ವರ್ಷಗಳಲ್ಲಿ ಕೊಚ್ಚಿಗೆ ಬಂದಿದೆ. ಇಳಿದವರು ತಾಜ್ ಮಹಲಿನ ಜೊತೆಗೆ ನಮ್ಮಂಥ ಹಳ್ಳಿಗಳನ್ನೂ ನೋಡಿ ಹೋಗಿದ್ದಾರೆ. ಅಂದರೆ ಅವರ ಪಾಠದ ಪುಸ್ತಕ ನಾವೇ. ಪುಸ್ತಕಕ್ಕೂ ಒಂದು ಅಭಿಪ್ರಾಯ ಇರಬಾರದೇ?

ಸಂಜೆ ನಾನು ಸಿಟ್ಟಿನಿಂದ, "ಅಜ್ಜಿ, ನಿನ್ನ ಪಟ ಹೊಡ್ಕೊಂಡ್ ಹೋದ್ರು. ನಿನ್ ಹೆಸರೇನು ಅಂತಾನೂ ಕೇಳ್ಲಿಲ್ಲ" ಅಂದೆ.

ಅಜ್ಜಿ ರಾಗಿ ತುಂಬುತ್ತಾ, "ಹೋಗ್ಲಿ ಬಿಡು ಮಗಾ. ಬಿಸಿಲಲ್ಲಿ ಬಂದಿದ್ವು, ಒಂದ್ ಲೋಟ ಮಜ್ಜಿಗೆ ಕುಡೀತೀರಾ ಅಂತ ಕೇಳೋಕೆ ನನ್ಗೂ ಅವರ ಮಾತು ಬರ್ಲಿಲ್ವಲ್ಲ" ಅಂದಳು.

ನನ್ನ ಸಿಟ್ಟು ಇಳಿದುಹೋಯಿತು. ಕೇಳಬೇಕಾದ್ದು ಅವರೊಬ್ಬರೇ ಅಲ್ಲ, ನಾವೂ ಕೇಳಬೇಕಿತ್ತು. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಆರು ವರ್ಷದಿಂದ ಇಂಗ್ಲಿಷ್ ಕಲಿಯುತ್ತಿದ್ದೇನೆ. 'ನಿಮ್ಮ ಹೆಸರೇನು, ಯಾವ ಊರು' ಅಂತ ಕೇಳುವಷ್ಟು ನನಗೆ ಬರುತ್ತಿತ್ತು. ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಆ ಹುಡುಗಿ ಮೊರ ಮುಟ್ಟಿದಾಗ ಅವಳ ಮುಖ ನೋಡಿದರೆ ಅವಳಿಗೂ ಏನೋ ಕೇಳಬೇಕು ಅನ್ನಿಸಿದ ಹಾಗಿತ್ತು. ಬಸ್ಸು ಐದು ನಿಮಿಷದ ಬದಲು ಅರ್ಧ ಗಂಟೆ ನಿಂತಿದ್ದರೆ, ಮೊರದಲ್ಲಿ ಹೊಟ್ಟು ಹಾರಿ ಕಾಳು ಉಳಿಯುವುದು ಹೇಗೆ ಅಂತ ಅಜ್ಜಿ ಅವಳ ಕೈಗೇ ಮೊರ ಕೊಟ್ಟು ಕಲಿಸುತ್ತಿದ್ದಳು. ಅದು ಎಂಥ ಪಾಠವಾಗುತ್ತಿತ್ತು!

ಆದ್ದರಿಂದ ಹಡಗಿನ ಕಾಲೇಜು ನಡೆಸುವವರು ನನ್ನ ಮಾತು ಕೇಳುವ ಹಾಗಿದ್ದರೆ ಮೂರು ಮಾತು ಹೇಳುತ್ತಿದ್ದೆ.

ಒಂದು: ಬಂದರುಗಳನ್ನು ಕಡಿಮೆ ಮಾಡಿ, ದಿನಗಳನ್ನು ಹೆಚ್ಚು ಮಾಡಿ. ಹತ್ತು ದೇಶವನ್ನು ನಾಲ್ಕೈದು ದಿನದ ಹಾಗೆ ನೋಡುವುದಕ್ಕಿಂತ ಐದು ದೇಶವನ್ನು ಹತ್ತು ದಿನದ ಹಾಗೆ ನೋಡುವುದು ಮೇಲು. ಎಲೆ ತುಂಬ ಬಡಿಸಿಕೊಂಡು ಎಲ್ಲವನ್ನೂ ಒಂದೊಂದು ತುತ್ತು ತಿಂದು ಎದ್ದರೆ ರುಚಿ ತಿಳಿಯುವುದಿಲ್ಲ.

ಎರಡು: ಬಂದರಿನ ಪಾಠವನ್ನು ಬಂದರಿನವರೂ ಹೇಳಲಿ. ಮೀನುಗಾರ, ಕೂಲಿ, ನಮ್ಮಜ್ಜಿಯಂಥವರು. ಹಡಗಿನ ಒಳಗಿರುವ ಅಡುಗೆಯವರಿಂದಲೇ ಶುರು ಮಾಡಿ. ಹತ್ತು ವರ್ಷ ಸಮುದ್ರದ ಮೇಲೆ ಕಳೆದವನಿಗೆ ಸಮುದ್ರದ ಬಗ್ಗೆ ಹೇಳಲು ಏನಾದರೂ ಇದ್ದೇ ಇರುತ್ತದೆ.

ಮೂರು: ನೋಡಿಸಿಕೊಂಡವರ ಮಕ್ಕಳಿಗೂ ಹಡಗಿನಲ್ಲಿ ಜಾಗ ಕೊಡಿ. ಇದು ಆಗದ ಮಾತೇನಲ್ಲ. ಜಪಾನ್ ಸರ್ಕಾರ 1988ರಲ್ಲಿ ಪ್ರಪಂಚದ ಯುವಜನರಿಗಾಗಿ ಒಂದು ಹಡಗಿನ ಯೋಜನೆ ಶುರು ಮಾಡಿತು. ಬೇರೆ ಬೇರೆ ದೇಶದ ಯುವಕ ಯುವತಿಯರು ಜಪಾನಿನವರ ಜೊತೆ ಒಂದೇ ಹಡಗಿನಲ್ಲಿ ಇದ್ದು ಚರ್ಚೆ ಮಾಡುತ್ತಾ ಸಾಗುವುದು ಅದರ ಉದ್ದೇಶ. ಕೆಲವು ವರ್ಷ ನಮ್ಮ ಭಾರತದವರೂ ಅದರಲ್ಲಿ ಹೋಗಿ ಬಂದಿದ್ದಾರೆ. ಅಲ್ಲಿ ಎಲ್ಲರೂ ನೋಡುವವರು, ಎಲ್ಲರೂ ನೋಡಿಸಿಕೊಳ್ಳುವವರು.

ಸಹಪಾಠಿಗಳೇ, ಅವರಿಗೆ ಹೇಳುವುದು ಸುಲಭ. ನಮ್ಮ ಮಾತೇನು? ಮುಂದಿನ ತಿಂಗಳು ನಮ್ಮ ಶಾಲೆಯ ಪ್ರವಾಸ ಇದೆ. ನಾವೂ ಬಸ್ಸಿನಿಂದ ಇಳಿದು, ಪಟ ತೆಗೆದು, ಕಡ್ಲೆಪುರಿ ತಿಂದು, ಹತ್ತಿ ಬರುವವರೇ ತಾನೆ? ಬಸ್ಸು ನಿಲ್ಲಿಸಿದ ಊರಿನ ಒಬ್ಬರ ಹೆಸರಾದರೂ ನಮಗೆ ನೆನಪಿದೆಯಾ? ಹೋದ ವರ್ಷದ ಪ್ರವಾಸದಲ್ಲಿ ನನಗೆ ನೆನಪಿರುವುದು ಒಂದು ಜಲಪಾತ ಮತ್ತು ಕಿಟಕಿ ಸೀಟಿನ ಜಗಳ.

ಅದಕ್ಕೆ ನನ್ನ ಒಂದು ಸಲಹೆ. ಈ ಸಲ ಪ್ರತಿಯೊಬ್ಬರೂ ಹೋದ ಊರಿನ ಒಬ್ಬರನ್ನು ಮಾತಾಡಿಸೋಣ. ಹೆಸರು ಕೇಳೋಣ, ನಮ್ಮ ಹೆಸರು ಹೇಳೋಣ. ಅವರು ಏನು ಕೆಲಸ ಮಾಡುತ್ತಾರೆ, ಆ ಕೆಲಸದಲ್ಲಿ ಹೊರಗಿನವರಿಗೆ ಗೊತ್ತಿರದ ಒಂದು ಸಂಗತಿ ಯಾವುದು ಅಂತ ಕೇಳಿ ಬರೆದುಕೊಳ್ಳೋಣ. ವಾಪಸ್ಸು ಬಂದು ಈ ಗೋಡೆಯ ಮೇಲೆ ಅಂಟಿಸೋಣ. ಮೇಷ್ಟ್ರು ಒಪ್ಪಿದರೆ ಪ್ರವಾಸಕ್ಕೆ ದುಡ್ಡು ಕಟ್ಟಲಾಗದೆ ಉಳಿಯುವ ಗೆಳೆಯರಿಗೂ ಇದೇ ಕೆಲಸ ಕೊಡಬಹುದು. ಅವರು ಆ ದಿನ ನಮ್ಮೂರಿನಲ್ಲೇ, ತಾವು ಯಾವತ್ತೂ ಮಾತಾಡಿಸದ ಒಬ್ಬರನ್ನು ಮಾತಾಡಿಸಿ ಬರೆಯಲಿ. ಯಾರದು ಚೆನ್ನಾಗಿದೆ ಅಂತ ಆಮೇಲೆ ನೋಡೋಣ. ಹೋದವರಿಗಿಂತ ಉಳಿದವರೇ ಗೆದ್ದರೂ ಆಶ್ಚರ್ಯವಿಲ್ಲ.

ಹಡಗು ಹತ್ತುವ ಯೋಗ ನಮ್ಮಲ್ಲಿ ಯಾರಿಗೆ ಇದೆಯೋ ಗೊತ್ತಿಲ್ಲ. ಯಾರಾದರೂ ಹತ್ತಿದರೆ ನನಗೆ ಸಂತೋಷವೇ. ಆದರೆ ರಸ್ತೆಯಲ್ಲಿ ಇನ್ನೊಂದು ಬಸ್ಸು ನಿಂತರೆ ಈ ಸಲ ನಾನು ಕಂಬ ಹಿಡಿದು ನಿಲ್ಲುವುದಿಲ್ಲ. ಮಜ್ಜಿಗೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಇಂಗ್ಲಿಷ್ ಟೀಚರ್ ಹತ್ತಿರ ಕೇಳಿ ಕಲಿತಿದ್ದೇನೆ.

ನನ್ನ ಮಾತಿನಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು. ಒಪ್ಪದವರು ಪಕ್ಕದಲ್ಲಿ ಅಂಟಿಸಿರುವ ಖಾಲಿ ಹಾಳೆಯಲ್ಲಿ ಬರೆಯಿರಿ. ಬರೆದವರು ಹೆಸರು ಹಾಕಿ.

ಇಂತಿ ನಿಮ್ಮ ಸಹಪಾಠಿ,
10ನೇ ತರಗತಿ, ರಸ್ತೆ ಬದಿ ಮನೆಯವಳು